ನೆಟ್ ಹೋಗ್ಯಾದ, ಗಾಡಿ ಗರಂ ಆಗ್ಯಾದ: ಬಿಸಿಲೂರಿನ ಎರಡು ರಿಪೇರಿ

ಮೇ ತಿಂಗಳ ಮಧ್ಯಾಹ್ನ ಕಲಬುರಗಿಯಲ್ಲಿ ಎರಡು ಮಾತು ಜಾಸ್ತಿ ಕಿವಿಗೆ ಬೀಳುತ್ತವೆ. ಮನೆಯೊಳಗೆ "ನೆಟ್ ಹೋಗ್ಯಾದ ನೋಡ್ರಿ", ರಸ್ತೆ ಮೇಲೆ "ಗಾಡಿ ಗರಂ ಆಗ್ಯಾದ". ಎರಡಕ್ಕೂ ಅಕ್ಕಪಕ್ಕದವರು ಕೊಡುವ ಸಲಹೆ ದುಡ್ಡು ಬಿಚ್ಚಿಸುವಂಥದ್ದೇ: ರೂಟರ್ ಬದಲಿಸ್ರಿ, ರೇಡಿಯೇಟರ್ ಬದಲಿಸ್ರಿ. ನಮ್ಮ ಬಿಸಿಲಿಗೆ ಮೊದಲು ಸೋಲುವುದು ಆ ದೊಡ್ಡ ಸಾಮಾನಿಗಿಂತ ಅದರ ಪಕ್ಕದ ಚಿಲ್ಲರೆ ಸಾಮಾನು. ಅಡಾಪ್ಟರು, ಹಸಿರು ಕನೆಕ್ಟರು, ರೇಡಿಯೇಟರ್ ಮುಚ್ಚಳ, ಫ್ಯಾನನ್ನು ಹಚ್ಚಿ ಆರಿಸುವ ಪುಟ್ಟ ಸ್ವಿಚ್ಚಾದ ರಿಲೇ. ಜೊತೆಗೆ ಬೋರ್‌ವೆಲ್ ನೀರು. ಒಂದು ಸಾದಾ ಮಲ್ಟಿಮೀಟರ್ ಹಿಡಿದು, ಹರಿವು ಎಲ್ಲಿ ನಿಂತಿದೆ ಅಂತ ಒಂದು ತುದಿಯಿಂದ ಹುಡುಕುತ್ತ ಹೋದರೆ ಬಹಳಷ್ಟು ಕೆಲಸ ಮನೆ ಅಂಗಳದಲ್ಲೇ ಮುಗಿಯುತ್ತದೆ.

ಮೊದಲು ನೆಟ್. ಫೈಬರ್ ಇರುವ ಮನೆಯಲ್ಲಿ ಒಎನ್‌ಟಿ ಡಬ್ಬಿಯ (ಫೈಬರಿನ ಬೆಳಕನ್ನು ನೆಟ್ ಆಗಿ ಬದಲಿಸುವ ಡಬ್ಬಿ, ಬಹಳ ಮನೆಗಳಲ್ಲಿ ಅದೇ ರೂಟರ್) ದೀಪ ನೋಡಿದರೇ ಅರ್ಧ ಗೊತ್ತಾಗಿಬಿಡುತ್ತದೆ. ಎಲ್‌ಒಎಸ್ (LOS) ಅಂತ ಬರೆದ ದೀಪ ಕೆಂಪಗೆ ಮಿಣುಕುತ್ತಿದ್ದರೆ ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲ. ಹತ್ತು ಸಲ ಆಫ್ ಆನ್ ಮಾಡಿದರೂ ಅದು ಬರುವುದಿಲ್ಲ. ಪಾನ್ (PON) ಅಂತ ಬರೆದ ದೀಪ ಮಿಣುಕುತ್ತಲೇ ಇದ್ದರೆ ಬೆಳಕು ಬಂದಿದೆ, ಆದರೆ ಕಂಪನಿ ಕಡೆಯ ಯಂತ್ರ ನಿಮ್ಮ ಡಬ್ಬಿಯನ್ನು ಇನ್ನೂ ಗುರುತು ಹಿಡಿದಿಲ್ಲ. ಪಾನ್ ಅಲುಗಾಡದೆ ಹಸಿರಾಗಿದ್ದು ಇಂಟರ್ನೆಟ್ ದೀಪ ಮಾತ್ರ ಆರಿದ್ದರೆ ಲೈನು ಸರಿಯಿದೆ, ಲಾಗಿನ್ ಆಗುತ್ತಿಲ್ಲ. ರೀಚಾರ್ಜ್ ಮುಗಿದಿರಬಹುದು, ಇಲ್ಲವೇ ಡಬ್ಬಿಯೊಳಗಿನ ಪಾಸ್‌ವರ್ಡ್ ಅಳಿಸಿಹೋಗಿರಬಹುದು.

ಪಾಸ್‌ವರ್ಡ್ ಅಳಿಸುವವರು ಸಾಮಾನ್ಯವಾಗಿ ಮನೆಯವರೇ. ಡಬ್ಬಿಯ ಹಿಂದಿನ ಸಣ್ಣ ತೂತಿನೊಳಗೆ ಪಿನ್ನು ಚುಚ್ಚಿ ಹಿಡಿದರೆ ಅದು ರೀಸ್ಟಾರ್ಟ್ ಆಗುವುದಲ್ಲ, ರೀಸೆಟ್ ಆಗುವುದು. ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ (ಕಂಪನಿಯ ಲೈನಿನ ಗುರುತು), ಕೇಬಲ್‌ನವರು ತುಂಬಿಟ್ಟಿದ್ದೆಲ್ಲ ತೊಳೆದುಹೋಗುತ್ತದೆ. ಹತ್ತು ನಿಮಿಷದ ಕೆಲಸ ಎರಡು ದಿನದ್ದಾಗುತ್ತದೆ. ಆ ತೂತಿಗೆ ಒಂದು ತುಂಡು ಟೇಪ್ ಅಂಟಿಸಿಬಿಡಿ. ರೀಸ್ಟಾರ್ಟ್ ಬೇಕಿದ್ದರೆ ಸ್ವಿಚ್ ಆರಿಸಿ, 30 ಸೆಕೆಂಡ್ ಬಿಟ್ಟು ಹಾಕಿದರೆ ಸಾಕು.

ಎಲ್‌ಒಎಸ್ ಕೆಂಪಾದಾಗ ಫೈಬರ್ ಒಳಗೆ ಬರುವ ಕಿಟಕಿಯಿಂದ ಡಬ್ಬಿಯ ತನಕ ಕೈಯಾಡಿಸುತ್ತ ಬನ್ನಿ. ಒಳಗಿರುವುದು ಗಾಜಿನ ಎಳೆ. ಕಿಟಕಿ ಚೌಕಟ್ಟಿಗೆ ಮೊಳೆ ಕ್ಲಿಪ್ ಬಿಗಿದ ಕಡೆ, ಕಪಾಟು ಸರಿಸಿದಾಗ ಒತ್ತಿಕೊಂಡ ಕಡೆ ಅದು ಮಡಚಿರುತ್ತದೆ. ಉಳಿದ ತಂತಿಯನ್ನು ಸುತ್ತಿಡುವಾಗ ಸುರುಳಿಯ ಅಡ್ಡಳತೆ 6 ಸೆಂಟಿಮೀಟರಿಗಿಂತ ಕಡಿಮೆ ಆಗದಿರಲಿ, ಹೆಚ್ಚುಕಮ್ಮಿ ಚಹಾ ಲೋಟದ ಬಾಯಿಯಷ್ಟು. ಬೀದಿಯಲ್ಲಾದರೆ ಜೋತುಬಿದ್ದ ತಂತಿಗೆ ಕಣಿಕೆ ತುಂಬಿದ ಟ್ರ್ಯಾಕ್ಟರ್ ಸಿಕ್ಕಿಕೊಂಡಿದೆಯಾ, ಯಾರಾದರೂ ನಲ್ಲಿ ಪೈಪಿಗೆಂದು ನೆಲ ಅಗೆದಿದ್ದಾರಾ ಅಂತ ಕಣ್ಣಾಡಿಸಿದರೆ ಸಾಕು, ಅದನ್ನು ಜೋಡಿಸುವುದು ಸ್ಪ್ಲೈಸಿಂಗ್ ಯಂತ್ರ ಇದ್ದವರ ಕೆಲಸ.

ಡಬ್ಬಿಗೆ ಚುಚ್ಚುವ ಹಸಿರು ಕನೆಕ್ಟರಿನ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ. ನೀಲಿಯದರ ತುದಿ ಹಾಗೆ ಓರೆಯಿಲ್ಲ. ಹಸಿರಿಗೆ ನೀಲಿ ಜೋಡಿಸಿದರೆ ಎರಡು ತುದಿ ಸರಿಯಾಗಿ ಕೂಡದೆ ಬೆಳಕು ಸೋರುತ್ತದೆ. ತುದಿ ಒರೆಸುವುದಿದ್ದರೆ ನೂಲು ಬಿಡದ ಬಟ್ಟೆಗೆ ಒಂದೆರಡು ಹನಿ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒಂದೇ ದಿಕ್ಕಿಗೆ ಎಳೆಯಿರಿ. ಅಂಗಿಯ ಚುಂಗು, ಬಾಯಿಯ ಗಾಳಿ ಬೇಡ. ತುದಿಯನ್ನು ಕಣ್ಣಿಗೆ ಹಿಡಿದು ಬೆಳಕು ಬರುತ್ತಿದೆಯಾ ಅಂತ ನೋಡಲೇಬಾರದು: ಬರುವ ಬೆಳಕು 1490 ನ್ಯಾನೋಮೀಟರಿನದು, ಅದು ಕಣ್ಣಿಗೆ ಕಾಣುವುದೇ ಇಲ್ಲ.

ಬ್ರೌಸರಿನಲ್ಲಿ 192.168.1.1 ಹಾಕಿ (ಕೆಲವು ಡಬ್ಬಿಗಳಿಗೆ 192.168.0.1, ಕೆಳಗಿನ ಚೀಟಿಯಲ್ಲಿರುತ್ತದೆ) ಸ್ಟೇಟಸ್ ಪುಟದಲ್ಲಿ ಆರ್‌ಎಕ್ಸ್ ಪವರ್ ನೋಡಿ, ಅಂದರೆ ಬರುವ ಬೆಳಕಿನ ಬಲ, ಡಿಬಿಎಂ ಎಂಬ ಅಳತೆಯಲ್ಲಿ. ಮೈನಸ್ 15ರಿಂದ ಮೈನಸ್ 25 ಡಿಬಿಎಂ ಒಳಗಿದ್ದರೆ ಆರಾಮ. ಮೈನಸ್ 27 ದಾಟಿದರೆ ನೆಟ್ ಬಂದು ಹೋಗಿ ಮಾಡುತ್ತದೆ. ಈ ಲೆಕ್ಕದಲ್ಲಿ 3 ಇಳಿದರೆ ಬೆಳಕು ಅರ್ಧಕ್ಕರ್ಧ ಕಡಿಮೆಯಾದಂತೆ. ಎಲ್ಲ ಸರಿಯಿದ್ದ ದಿನವೇ ಈ ಅಂಕಿಯನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಆಮೇಲೆ ಕಂಪ್ಲೇಂಟ್ ಕೊಡುವಾಗ "ನೆಟ್ ಭಾಳ ಸ್ಲೋ ಅದ" ಅನ್ನುವ ಬದಲು "ಮೈನಸ್ 20 ಇದ್ದದ್ದು ಮೈನಸ್ 28 ಆಗ್ಯಾದ" ಅಂದು ನೋಡಿ. ಫೋನ್ ಎತ್ತಿದವರಿಗೆ ನಿಮ್ಮನ್ನು ಆಫ್ ಆನ್ ಮಾಡಿ ಅಂತ ಸಾಗಹಾಕಲು ಆಗುವುದಿಲ್ಲ.

ಲೈನು ಸರಿಯಿದ್ದೂ ದಿನಕ್ಕೆ ನಾಲ್ಕೈದು ಸಲ ಡಬ್ಬಿ ತಾನೇ ಆರಿ ಹತ್ತುತ್ತಿದ್ದರೆ ಅನುಮಾನ ಮೊದಲು ಅಡಾಪ್ಟರಿನ ಮೇಲೆ ಹೋಗಬೇಕು. ಅದರೊಳಗಿನ ಕೆಪ್ಯಾಸಿಟರ್ ಬಿಸಿಗೆ ಒಣಗುತ್ತದೆ. ಬರೀ ಮಲ್ಟಿಮೀಟರ್ ಹಚ್ಚಿದರೆ 12 ವೋಲ್ಟ್ ಸರಿಯಾಗೇ ತೋರಿಸುತ್ತದೆ, ಭಾರ ಬಿದ್ದಾಗ ಕುಸಿಯುತ್ತದೆ. ಭಾರ ಹಾಕಲು ಗಾಡಿಯ 12 ವೋಲ್ಟ್, 10 ವ್ಯಾಟಿನ ಒಂದು ಬಲ್ಬ್ ಸಾಕು. ಅದು 0.8 ಆಂಪಿಯರ್ ಎಳೆಯುತ್ತದೆ, ಅಂದರೆ ಹೆಚ್ಚುಕಮ್ಮಿ ರೂಟರಿನಷ್ಟೇ. ಅಡಾಪ್ಟರ್ ಪಿನ್ನಿಗೆ ಬಲ್ಬ್ ಹಚ್ಚಿ, ಅದು ಉರಿಯುತ್ತಿರುವಾಗ ವೋಲ್ಟ್ ನೋಡಿ. 11.5ರ ಮೇಲಿದ್ದರೆ ಒಳ್ಳೆಯದು, 11ರ ಕೆಳಗೆ ಜಾರಿದರೆ ಅಡಾಪ್ಟರ್ ಮುಗಿದಿದೆ. ಹೊಸದು ತರುವಾಗ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬಹುದು. ಪಿನ್ನಿನ ನಡುವೆ ಪ್ಲಸ್ ಇದೆಯೋ ಮೈನಸ್ ಇದೆಯೋ ಅಂತ ಹಳೆಯದರ ಮೇಲಿನ ಗುರುತಿಗೆ ತಾಳೆ ನೋಡಿ.

ಬೇಸಿಗೆಯಲ್ಲಿ ವೋಲ್ಟೇಜ್ 170ಕ್ಕೆ ಇಳಿಯುತ್ತದೆ ಅಂತ ರೂಟರಿಗೆ ಸ್ಟೆಬಿಲೈಸರ್ ಕೊಳ್ಳುವವರಿದ್ದಾರೆ. ಬೇಕಿಲ್ಲ. ಈ ಅಡಾಪ್ಟರುಗಳ ಮೇಲೆ 100ರಿಂದ 240 ವೋಲ್ಟ್ ಅಂತ ಬರೆದೇ ಇರುತ್ತದೆ. ಕರೆಂಟ್ ಹೋದ ಕೂಡಲೇ ಇನ್ವರ್ಟರ್ ಇದ್ದರೂ ರೂಟರ್ ಆರಿ ಹತ್ತಿದರೆ ಇನ್ವರ್ಟರಿನ ಹಿಂದಿನ ಗುಂಡಿ ಇಕೋ ಕಡೆ ಇರುತ್ತದೆ, ಯುಪಿಎಸ್ ಕಡೆ ತಿರುಗಿಸಿ. ಆಗ ಕರೆಂಟಿನಿಂದ ಬ್ಯಾಟರಿಗೆ ಬದಲಾಗುವ ಹೊತ್ತು ಕಡಿಮೆಯಾಗುತ್ತದೆ. ಇನ್ವರ್ಟರ್ ಇಲ್ಲದ ಮನೆಗೆ 12 ವೋಲ್ಟಿನ ಮಿನಿ ಯುಪಿಎಸ್ ಸಾಕು.

ಇನ್ನು ಡಬ್ಬಿ ಇಡುವ ಜಾಗ. ಮನೆಬಳಕೆಯ ಹೆಚ್ಚಿನ ರೂಟರುಗಳು 40 ಡಿಗ್ರಿ ತನಕದ ಕೋಣೆಗೆಂದು ಮಾಡಿದವು. ನಮ್ಮ ಊರಲ್ಲಿ ಹೊರಗೆ 42, 43 ಇದ್ದಾಗ ಮೇಲಿನ ಮಹಡಿಯ ಸ್ಲ್ಯಾಬ್ ಕೆಳಗಿನ ಅಟ್ಟ ಅದಕ್ಕಿಂತ ಬಿಸಿ. ಅಟ್ಟದಿಂದ, ಗಾಜಿನ ಶೋಕೇಸಿನಿಂದ ತೆಗೆದು ಎದೆಯೆತ್ತರದಲ್ಲಿ ಗಾಳಿಯಾಡುವ ಕಡೆ ನಿಲ್ಲಿಸಿ. ಕೂಲರ್ ಪಕ್ಕ ತಂಪು ಅಂತ ಇಡಬೇಡಿ: ತೇವ ಒಳಗೆ ಸೇರುತ್ತದೆ, ಕೂಲರಿನ ತಗಡು ವೈಫೈಯನ್ನೂ ತಡೆಯುತ್ತದೆ. ಹಳೆಯ ಕಲ್ಲಿನ ಗೋಡೆಯ ಮನೆಗಳಲ್ಲಿ ವೈಫೈಯ 5 ಗಿಗಾಹರ್ಟ್ಸ್ ಅಲೆ ಪಡಸಾಲೆ ದಾಟುವುದಿಲ್ಲ. ಒಳಕೋಣೆಗೆ 2.4 ಇಟ್ಟುಕೊಂಡು, ಚಾನೆಲ್ 1, 6, 11ರಲ್ಲಿ ಯಾವುದು ಖಾಲಿಯೋ ಅದನ್ನು ಆರಿಸಿ.

ದೀಪ ಎಲ್ಲ ಸರಿ, ಆದರೂ ಪುಟ ತೆರೆಯುತ್ತಿಲ್ಲ ಅಂದರೆ ಕಂಪ್ಯೂಟರಿನ ಕಮಾಂಡ್ ಕಿಟಕಿಯಲ್ಲಿ ಮೂರು ಪಿಂಗ್, ಅಂದರೆ ping ಅಂತ ಬರೆದು ಮುಂದೆ ವಿಳಾಸ ಹಾಕಿ ಉತ್ತರ ಬರುತ್ತದೆಯಾ ನೋಡುವುದು. ಮೊದಲು ಡಬ್ಬಿಯದೇ ವಿಳಾಸ 192.168.1.1: ಇಲ್ಲೇ ಉತ್ತರ ಬರದಿದ್ದರೆ ತೊಂದರೆ ವೈಫೈಯಲ್ಲಿ ಅಥವಾ ಮನೆಯ ತಂತಿಯಲ್ಲಿ. ಆಮೇಲೆ ಹೊರಗಿನ ವಿಳಾಸ 8.8.8.8: ಇಲ್ಲಿ ನಿಂತರೆ ಕಂಪನಿ ಕಡೆಯ ತೊಂದರೆ. ಕೊನೆಗೆ ಯಾವುದಾದರೂ ವೆಬ್‌ಸೈಟಿನ ಹೆಸರು: ಅಂಕಿಗೆ ಉತ್ತರ ಬಂದು ಹೆಸರಿಗೆ ಬರದಿದ್ದರೆ ಹೆಸರನ್ನು ಅಂಕಿಗೆ ಬದಲಿಸುವ ಡಿಎನ್ಎಸ್ ಕೆಟ್ಟಿದೆ, ರೂಟರಿನಲ್ಲಿ 1.1.1.1 ಮತ್ತು 8.8.8.8 ಹಾಕಿದರೆ ಆಯಿತು. ಇನ್ನೊಂದು ವಿಚಿತ್ರ: 200 ಎಂಬಿಪಿಎಸ್ ಪ್ಲಾನ್ ಇದ್ದೂ ಕೇಬಲ್ ಹಚ್ಚಿದ ಕಂಪ್ಯೂಟರಿಗೆ ಪ್ರತಿಸಲ 94 ಮಾತ್ರ ಸಿಗುತ್ತಿದ್ದರೆ ಕಂಪನಿಯನ್ನು ಬೈಯಬೇಡಿ. ಲ್ಯಾನ್ ಕೇಬಲಿನ ಎಂಟು ಎಳೆಯಲ್ಲಿ 1, 2, 3, 6 ಮಾತ್ರ ಕೂಡಿ ಉಳಿದವುಗಳಲ್ಲಿ ಒಂದು ಬಿಟ್ಟುಹೋದರೂ ವೇಗ 100ಕ್ಕೆ ಬೀಳುತ್ತದೆ. ತುದಿ ಕತ್ತರಿಸಿ ಹೊಸ ಕನೆಕ್ಟರ್ ಕ್ರಿಂಪ್ ಮಾಡಿ: ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ, ಬಿಳಿನೀಲಿ, ಹಸಿರು, ಬಿಳಿಕಂದು, ಕಂದು. ಎರಡೂ ತುದಿಗೆ ಇದೇ ಸಾಲು.

ಈಗ ಗಾಡಿ. ಇಲ್ಲಿ ತಪ್ಪಿದರೆ ಹೋಗುವುದು ರೀಚಾರ್ಜಿನ ದುಡ್ಡಲ್ಲ, ಎಂಜಿನ್ ಹೆಡ್.

ರೇಡಿಯೇಟರ್ ಎಷ್ಟು ಬಿಸಿ ಹೊರಹಾಕುತ್ತದೆ ಅನ್ನುವುದು ಕೂಲಂಟಿಗೂ (ಎಂಜಿನ್ ತಣಿಸಲು ಸುತ್ತುವ ದ್ರವ) ಹೊರಗಿನ ಗಾಳಿಗೂ ಇರುವ ಅಂತರದ ಮೇಲೆ ನಿಂತಿದೆ. ಕೂಲಂಟ್ 95 ಡಿಗ್ರಿ, ಗಾಳಿ 25 ಇದ್ದರೆ ಅಂತರ 70. ಗಾಳಿ 43 ಆದರೆ ಅಂತರ 52ಕ್ಕೆ ಇಳಿಯುತ್ತದೆ, ಅಂದರೆ ನಾಲ್ಕರಲ್ಲಿ ಒಂದು ಪಾಲು ಶಕ್ತಿ ಹೋಯಿತು. ಮೇಲಿಂದ ಎಸಿಯ ಕಂಡೆನ್ಸರ್ ರೇಡಿಯೇಟರ್ ಮುಂದೆಯೇ ಕುಳಿತು ಆ ಗಾಳಿಯನ್ನು ಇನ್ನೂ ಕಾಯಿಸಿ ಕಳಿಸುತ್ತದೆ. ಬೆಂಗಳೂರಿನಲ್ಲಿ ವರ್ಷಗಟ್ಟಲೆ ಅಡಗಿ ಕೂತ ಸಣ್ಣ ದೋಷ ಇಲ್ಲಿ ಒಂದೇ ಮಧ್ಯಾಹ್ನಕ್ಕೆ ಹೊರಬೀಳುವುದು ಇದಕ್ಕೇ.

ಯಾವಾಗ ಗರಂ ಆಗುತ್ತದೆ ಅನ್ನುವುದರಲ್ಲೇ ಕಾರಣ ಇದೆ. ಊರೊಳಗಿನ ಸೂಪರ್ ಮಾರ್ಕೆಟ್ ಗದ್ದಲದಲ್ಲಿ ಎಂಜಿನ್ ಬಿಸಿ ತೋರಿಸುವ ಮುಳ್ಳು ಏರಿ, ಹುಮನಾಬಾದ್ ರಸ್ತೆಗೆ ಬಿದ್ದ ಮೇಲೆ ಇಳಿದರೆ ಫ್ಯಾನ್ ಕಡೆಯ ದೋಷ, ಯಾಕೆಂದರೆ ಓಡುವಾಗ ಗಾಳಿ ತಾನೇ ನುಗ್ಗುತ್ತದೆ. ಊರಲ್ಲಿ ಸರಿಯಿದ್ದು ಹೆದ್ದಾರಿಯಲ್ಲಿ 80, 90ರ ವೇಗಕ್ಕೆ ಏರಿದರೆ ನೀರಿನ ಹರಿವು ಸಾಲುತ್ತಿಲ್ಲ: ರೇಡಿಯೇಟರ್ ಕೊಳವೆ ಕಟ್ಟಿದೆ, ವಾಟರ್ ಪಂಪ್ ಸೋತಿದೆ, ಇಲ್ಲವೇ ಕೆಳಗಿನ ರಬ್ಬರ್ ಪೈಪು ಒಳಗೆ ಹೀರಿಕೊಂಡು ಚಪ್ಪಟೆಯಾಗುತ್ತಿದೆ. ತಣ್ಣನೆಯ ಎಂಜಿನ್ ಐದಾರು ನಿಮಿಷಕ್ಕೇ ಕೆಂಪು ಮುಟ್ಟಿದರೆ ಥರ್ಮೋಸ್ಟಾಟ್ (ಬಿಸಿಯೇರಿದಾಗ ರೇಡಿಯೇಟರಿಗೆ ನೀರು ಬಿಡುವ ವಾಲ್ವ್) ಮುಚ್ಚಿಕೊಂಡೇ ಉಳಿದಿದೆ ಅಥವಾ ಕೂಲಂಟೇ ಇಲ್ಲ.

ಮುಳ್ಳನ್ನು ಪೂರ್ತಿ ನಂಬಬೇಡಿ. ಬಹಳ ಗಾಡಿಗಳಲ್ಲಿ ಅದನ್ನು ನಡುವೆ ನಿಲ್ಲುವ ಹಾಗೆ ಕೂರಿಸಿರುತ್ತಾರೆ, 80 ಇದ್ದರೂ 100 ಇದ್ದರೂ ಅಲ್ಲೇ. ಗಾಡಿಯ ಕಂಪ್ಯೂಟರಿನ ಓಬಿಡಿ ಪ್ಲಗ್ಗಿಗೆ ಹಚ್ಚುವ ಬ್ಲೂಟೂತ್ ರೀಡರ್ ಇದ್ದರೆ ಫೋನಿನಲ್ಲೇ ನಿಜವಾದ ಡಿಗ್ರಿ ಕಾಣುತ್ತದೆ. 90ರಿಂದ 100 ಸಹಜ, 110 ದಾಟಿದರೆ ನಿಲ್ಲಿಸಿ. ಇನ್ನೂ ಅಪಾಯದ್ದೊಂದಿದೆ: ಕೆಂಪಿನಲ್ಲಿದ್ದ ಮುಳ್ಳು ಇದ್ದಕ್ಕಿದ್ದಂತೆ ಕೆಳಕ್ಕೆ ಬಿದ್ದರೆ ಗಾಡಿ ತಣ್ಣಗಾಯಿತು ಅಂತ ಖುಷಿಪಡಬೇಡಿ. ನೀರು ಖಾಲಿಯಾಗಿ ಸೆನ್ಸರ್ ಗಾಳಿಯಲ್ಲಿ ನಿಂತಿದೆ, ಅದಕ್ಕೆ ಮುಟ್ಟಿ ಹೇಳಲು ಏನೂ ಉಳಿದಿಲ್ಲ. ಆ ಗಳಿಗೆಯೇ ಎಂಜಿನ್ ಆರಿಸಬೇಕು.

ಫ್ಯಾನ್ ಪರೀಕ್ಷೆ ಸುಲಭ. ಎಂಜಿನ್ ಚಾಲೂ ಮಾಡಿ ಎಸಿ ಹಾಕಿ; ಹೆಚ್ಚಿನ ಸಣ್ಣ ಕಾರುಗಳಲ್ಲಿ ಸ್ವಲ್ಪ ಹೊತ್ತಿಗೆ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಬಾನೆಟ್ ಕೆಳಗಿನ ಫ್ಯೂಸ್ ಪೆಟ್ಟಿಗೆ ತೆರೆಯಿರಿ, ಮುಚ್ಚಳದ ಒಳಗೇ ನಕ್ಷೆ ಇರುತ್ತದೆ. ಫ್ಯಾನಿನ ಫ್ಯೂಸ್ ಸಾಮಾನ್ಯವಾಗಿ 30 ಅಥವಾ 40 ಆಂಪಿಯರಿನದು. ಹಾರಿದ್ದರೆ ಅಷ್ಟೇ ಆಂಪಿಯರಿನದು ಹಾಕಿ, ತಂತಿ ಸುತ್ತಿ ಕೆಲಸ ಸಾಗಿಸಬೇಡಿ. ಫ್ಯೂಸ್ ಸರಿಯಿದ್ದರೆ ಫ್ಯಾನ್ ರಿಲೇ ಕಿತ್ತು, ಅದೇ ನಂಬರಿನ ಹಾರ್ನ್ ರಿಲೇಯನ್ನು ಅಲ್ಲಿ ಕೂರಿಸಿ ನೋಡಿ. ಆಗಲೂ ಇಲ್ಲವೆಂದರೆ ಫ್ಯಾನಿನ ಪ್ಲಗ್ ಬಿಚ್ಚಿ ಬ್ಯಾಟರಿಯಿಂದ ನೇರ ಎರಡು ದಪ್ಪ ತಂತಿ ಕೊಡಿ. ನೇರ ಕೊಟ್ಟಾಗ ತಿರುಗಿದರೆ ದೋಷ ವೈರಿಂಗ್ ಅಥವಾ ಸೆನ್ಸರಿನದು. ಕೋಲಿನಿಂದ ಮೋಟರಿನ ಬೆನ್ನಿಗೆ ಮೆಲ್ಲಗೆ ಬಡಿದಾಗ ಎದ್ದು ತಿರುಗಿದರೆ ಒಳಗಿನ ಕಾರ್ಬನ್ ಬ್ರಶ್ ಸವೆದಿದೆ, ಇಂದಲ್ಲ ನಾಳೆ ರಸ್ತೆಯಲ್ಲಿ ಕೈಕೊಡುತ್ತದೆ. ಕೀ ತೆಗೆದ ಮೇಲೂ ಕೆಲವು ಫ್ಯಾನುಗಳು ತಾವೇ ಶುರುವಾಗುತ್ತವೆ, ಬೆರಳು, ಶಾಲು, ದುಪಟ್ಟಾ ದೂರ ಇರಲಿ.

ನೀರಿನ ವಿಷಯ ಸ್ವಲ್ಪ ನಿಂತು ಹೇಳಬೇಕು. ಶಹಾಬಾದ್, ವಾಡಿ, ಸೇಡಂ ಕಡೆ ನೆಲದಡಿ ಸುಣ್ಣದಕಲ್ಲು. ಫರ್ಸಿ ಸಿಗುವುದೂ ಅದರಿಂದಲೇ, ಸಿಮೆಂಟ್ ಕಾರ್ಖಾನೆ ಬಂದಿದ್ದೂ ಅದಕ್ಕೇ, ಬೋರ್ ನೀರು ಗಡುಸಾಗಿರುವುದೂ ಅದರಿಂದಲೇ. ಉಪ್ಪು, ಸಕ್ಕರೆ ಬಿಸಿನೀರಿನಲ್ಲಿ ಹೆಚ್ಚು ಕರಗಿದರೆ ಈ ಸುಣ್ಣದ ಗುಣ ಉಲ್ಟಾ, ನೀರು ಕಾದಷ್ಟೂ ಹೊರಗೆ ಬಿಟ್ಟು ಕೂರುತ್ತದೆ. ಗೀಸರ್ ಕಾಯಿಲ್ ಬಿಚ್ಚಿದಾಗ ಬೆರಳ ದಪ್ಪ ಬಿಳಿ ಪದರ ಕಾಣುತ್ತದಲ್ಲ, ಅದೇ ಎಂಜಿನಿನೊಳಗೂ ಎಲ್ಲಕ್ಕಿಂತ ಬಿಸಿಯಾದ ಜಾಗದಲ್ಲೇ ಕಟ್ಟುತ್ತದೆ. ಹಾಗಾಗಿ ಪೆಟ್ರೋಲ್ ಬಂಕಿನ ನಲ್ಲಿಯಿಂದ ಪ್ರತಿಸಲ ಒಂದು ತಂಬಿಗೆ ಸುರಿಯುವ ರೂಢಿ ಬಿಡಿ. ಬ್ಯಾಟರಿ ಅಂಗಡಿಯ 5 ಲೀಟರ್ ಡಿಸ್ಟಿಲ್ಡ್ ವಾಟರ್ ಕ್ಯಾನ್ ಡಿಕ್ಕಿಯಲ್ಲಿರಲಿ.

ಕೂಲಂಟ್ ಮತ್ತು ಡಿಸ್ಟಿಲ್ಡ್ ನೀರು ಅರ್ಧಕ್ಕರ್ಧ. ಕ್ಯಾನಿನ ಮೇಲೆ ರೆಡಿ ಮಿಕ್ಸ್ ಅಂತ ಇದ್ದರೆ ನೀರು ಬೆರೆಸಬಾರದು. ಬಣ್ಣ ನೋಡಿ ಜೋಡಿ ಮಾಡಬೇಡಿ, ಹಸಿರು ಕೆಂಪು ಅನ್ನುವುದಕ್ಕೆ ಎಲ್ಲ ಕಂಪನಿಗೂ ಒಂದೇ ನಿಯಮವಿಲ್ಲ. ಗಾಡಿಯ ಪುಸ್ತಕದಲ್ಲಿ ಯಾವ ಜಾತಿಯದು ಅಂತ ಇರುತ್ತದೆ. ಪೂರ್ತಿ ಬದಲಿಸುವಾಗ ತಣ್ಣನೆಯ ಎಂಜಿನಿನಿಂದ ಹಳೆಯದನ್ನು ಇಳಿಸಿ, ತಿಳಿ ಬರುವ ತನಕ ನೀರು ತುಂಬಿ ಓಡಿಸಿ ಇಳಿಸಿ, ಕೊನೆಯ ಸಲ ಡಿಸ್ಟಿಲ್ಡ್ ನೀರಿನಲ್ಲಿ ತೊಳೆಯಿರಿ. ಇಷ್ಟಾದರೂ ಬ್ಲಾಕಿನೊಳಗೆ ಒಂದಷ್ಟು ನೀರು ಉಳಿದೇ ಇರುತ್ತದೆ. ಅದಕ್ಕೆ ಮೊದಲೇ ಬೆರೆಸಿ ಹಾಕುವ ಬದಲು ಒಟ್ಟು ಅಳತೆಯ ಅರ್ಧದಷ್ಟು ಗಟ್ಟಿ ಕೂಲಂಟ್ ಮೊದಲು ಸುರಿಯಿರಿ, ಅಂದರೆ 4 ಲೀಟರ್ ಹಿಡಿಯುವ ಗಾಡಿಗೆ 2 ಲೀಟರ್. ಆಮೇಲೆ ಡಿಸ್ಟಿಲ್ಡ್ ನೀರಿನಿಂದ ತುಂಬಿಸಿ. ಸುಣ್ಣ ಬಿಡಿಸಲೆಂದು ಬಚ್ಚಲು ತೊಳೆಯುವ ಆಸಿಡ್ ಹಾಕಿದರೆ ಸುಣ್ಣದ ಜೊತೆ ಅಲ್ಯುಮಿನಿಯಮ್ಮೂ ಹೋಗುತ್ತದೆ. ಸೋರಿಕೆ ನಿಲ್ಲಲು ಅರಿಶಿನ ಪುಡಿ ಹಾಕುವುದು ಹಳೆಯ ಡ್ರೈವರುಗಳ ಉಪಾಯ, ಅಗಲ ಕೊಳವೆಯ ಹಿತ್ತಾಳೆ ರೇಡಿಯೇಟರಿಗೆ ನಡೆಯುತ್ತಿತ್ತು. ಈಗಿನ ಸಣ್ಣ ಕೊಳವೆಗೆ ಅದೇ ಬೂಚು.

ತುಂಬಿದ ಮೇಲೆ ಗಾಳಿ ಬಿಡಿಸದಿದ್ದರೆ ಮಾಡಿದ್ದೆಲ್ಲ ದಂಡ. ಗಾಡಿಯ ಮೂತಿ ಎತ್ತರಕ್ಕಿರುವಂತೆ ನಿಲ್ಲಿಸಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ರೇಡಿಯೇಟರ್ ಮುಚ್ಚಳ ತೆಗೆದಿಟ್ಟು ತಣ್ಣನೆಯ ಎಂಜಿನ್ ಚಾಲೂ ಮಾಡಿ. ಮೇಲಿನ ಪೈಪನ್ನು ಆಗಾಗ ಹಿಚುಕಿದರೆ ಗುಳುಗುಳು ಅಂತ ಗುಳ್ಳೆ ಬರುತ್ತವೆ, ಮಟ್ಟ ಇಳಿಯುತ್ತದೆ, ತುಂಬುತ್ತ ಹೋಗಿ. ಗುಳ್ಳೆ ನಿಂತು ಪೈಪು ಬಿಸಿಯೇರಿದ ಕೂಡಲೇ, ಉಕ್ಕುವ ಮುಂಚೆ, ಮುಚ್ಚಳ ಹಾಕಿ. ಫ್ಯಾನ್ ಎರಡು ಸಲ ತಿರುಗಿ ನಿಂತರೆ ಆಯಿತು.

ಆ ಮುಚ್ಚಳವೇ ಒಂದು ಯಂತ್ರ. ಅದರ ಮೇಲೆ 0.9 ಅಥವಾ 1.1 ಅಂತ ಇರುತ್ತದೆ, ಅಷ್ಟು ಬಾರ್ ಒತ್ತಡ ತಡೆದು ಹಿಡಿಯುತ್ತದೆ. ಒತ್ತಡವಿಲ್ಲದೆ ಅರ್ಧಕ್ಕರ್ಧ ಕೂಲಂಟ್ 107 ಡಿಗ್ರಿಗೆ ಕುದಿಯುತ್ತದೆ, ಈ ಒತ್ತಡದಲ್ಲಿ 125 ದಾಟಿದರೂ ಕುದಿಯುವುದಿಲ್ಲ. ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟರೆ ಆ ಲಾಭ ಹೋಯಿತು, ನೀರು ಉಕ್ಕಿ ಪಕ್ಕದ ಡಬ್ಬಿಗೆ ಬರುತ್ತದೆ. ಬೆಳಿಗ್ಗೆ ಎದ್ದು ನೋಡಿದಾಗ ಮೇಲಿನ ಪೈಪು ಒಳಕ್ಕೆ ಹೀರಿಕೊಂಡಿದ್ದರೆ ಮುಚ್ಚಳದ ನಡುವಿನ ಸಣ್ಣ ವಾಲ್ವ್ ಸಿಕ್ಕಿಕೊಂಡಿದೆ. ಅದೇ ಅಂಕಿಯ ಹೊಸ ಮುಚ್ಚಳ ಹಾಕಿ.

"ನಮ್ ಬಿಸಿಲಿಗೆ ಇದು ಬ್ಯಾಡ್ರಿ" ಅಂತ ಥರ್ಮೋಸ್ಟಾಟ್ ಕಿತ್ತೆಸೆಯುವ ಮಿಸ್ತ್ರಿಗಳು ಎಲ್ಲ ಊರಲ್ಲೂ ಇದ್ದಾರೆ. ಒಪ್ಪಬೇಡಿ. ಅದಿಲ್ಲದಿದ್ದರೆ ಎಂಜಿನ್ ಬೇಗ ಹದಕ್ಕೆ ಬರದೆ ಪೆಟ್ರೋಲ್ ಕುಡಿಯುತ್ತದೆ. ಕೆಲವು ಎಂಜಿನುಗಳಲ್ಲಿ ನೀರು ರೇಡಿಯೇಟರಿಗೆ ಹೋಗದೆ ಬೈಪಾಸಿನಲ್ಲೇ ಸುತ್ತಿ ಇನ್ನಷ್ಟು ಗರಂ ಆಗುತ್ತದೆ. ಅನುಮಾನವಿದ್ದರೆ ಬಿಚ್ಚಿ, ಅಡುಗೆಗೆ ಬಳಸದ ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿ. ಮೇಲೆ 82 ಅಂತ ಕೊರೆದಿದ್ದರೆ ಅದರ ಆಸುಪಾಸಿಗೆ ತೆರೆಯಲು ಶುರುವಾಗಬೇಕು. ಕುದಿಯುವ ನೀರಿನಲ್ಲೂ ಬಾಯಿ ಬಿಡದಿದ್ದರೆ ಬದಲಿಸಿ.

ಹೊರಗಿನ ಧೂಳನ್ನೂ ಮರೆಯಬೇಡಿ. ರಾಶಿಯ ದಿನಗಳಲ್ಲಿ ರಸ್ತೆ ಮೇಲೆ ಹರವಿದ ತೊಗರಿ, ಕಡಲೆ ತುಳಿದು ಹೋದ ಗಾಡಿಯ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಹೊಟ್ಟು ಸೇರಿ ಕಂಬಳಿಯಂತೆ ಕೂತಿರುತ್ತದೆ, ಮುಂದಿನಿಂದ ನೋಡಿದರೆ ಕಾಣುವುದಿಲ್ಲ. ಎಂಜಿನ್ ಕಡೆಯಿಂದ ಹೊರಮುಖವಾಗಿ ಸಾದಾ ಪೈಪಿನ ನೀರು ಬಿಡಿ. ವಾಶಿಂಗ್ ಸೆಂಟರಿನ ಜೋರಿಗೆ ತೆಳು ರೆಕ್ಕೆಗಳು ಮಡಚಿಬಿಡುತ್ತವೆ. ಹಾಗೇ ಬಗ್ಗಿ ಸೈಲೆನ್ಸರಿಗೆ ಒಣಹುಲ್ಲು ಸುತ್ತಿದೆಯಾ ನೋಡಿ, ಅದು ಬೆಂಕಿಯೇ ಹಿಡಿಯಬಲ್ಲದು.

ಜೇವರ್ಗಿ ದಾರಿಯ ನಡುವೆ ಮುಳ್ಳು ಏರತೊಡಗಿದರೆ ಮೊದಲು ಎಸಿ ಆರಿಸಿ, ಹೀಟರ್ ಪೂರ್ತಿ ಬಿಸಿಗೆ, ಅದರ ಗಾಳಿ ಜೋರಿಗೆ ಹಾಕಿ, ಕಿಟಕಿ ಇಳಿಸಿ. ಬೆವರು ಸುರಿದರೂ ಹೀಟರ್ ಒಂದು ಸಣ್ಣ ರೇಡಿಯೇಟರಿನ ಕೆಲಸ ಮಾಡುತ್ತದೆ. ಕೆಂಪು ಮುಟ್ಟಿದರೆ ಅಥವಾ ಹಬೆ ಕಂಡರೆ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿ, ಬಾನೆಟ್ ಎತ್ತಿ, 45 ನಿಮಿಷ ಕಾಯಿರಿ. ಎಂಜಿನ್ ಮೇಲೆ ತಣ್ಣೀರು ಸುರಿದರೆ ಹೆಡ್ ಸೊಟ್ಟಗಾಗುತ್ತದೆ. ಮೇಲಿನ ಪೈಪನ್ನು ಕೈಯಲ್ಲಿ ಹಿಡಿದುಕೊಳ್ಳಲು ಆಗುವಷ್ಟು ಆರಿದ ಮೇಲೆ ದಪ್ಪ ಟವಲ್ ಹಾಕಿ ಮುಚ್ಚಳವನ್ನು ಕಾಲು ಸುತ್ತು ತಿರುಗಿಸಿ, ಉಸ್ಸೆನ್ನುವುದು ನಿಂತ ಮೇಲೆ ತೆಗೆಯಿರಿ. ಇಂಥ ಹೊತ್ತಲ್ಲಿ ಕುಡಿಯುವ ನೀರೂ ನಡೆಯುತ್ತದೆ, ಆದರೆ ಎಷ್ಟು ಬಾಟಲಿ ಹಿಡಿಯಿತು ಲೆಕ್ಕವಿಡಿ. ಅರ್ಧ ಲೀಟರ್ ಹಿಡಿದರೆ ಊರು ಮುಟ್ಟಬಹುದು. ಎರಡು ಲೀಟರ್ ಹಿಡಿದು ಕೆಳಗೆ ಸೋರುತ್ತಿದ್ದರೆ ಟೋ ಕರೆಸಿ.

ಎಲ್ಲೂ ಸೋರದೆ ಕೂಲಂಟ್ ಕಡಿಮೆಯಾಗುತ್ತಿದ್ದರೆ, ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತಿದ್ದರೆ, ಆಯಿಲ್ ಡಿಪ್‌ಸ್ಟಿಕ್ಕಿಗೆ ಹಾಲು ಬೆರೆಸಿದ ಚಹಾದ ಬಣ್ಣ ಹತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ಡಿಗೂ ಬ್ಲಾಕಿಗೂ ನಡುವಿನ ಪದರ) ಹೋಗಿದೆ. ಮುಂದೆ ಮನೆಯಲ್ಲಿ ಮಾಡುವಂಥದ್ದು ಏನೂ ಇಲ್ಲ, ಓಡಿಸಲೂಬೇಡಿ.

ಇಳಿಸಿದ ಹಳೆಯ ಕೂಲಂಟನ್ನು ಮಾತ್ರ ಗಟಾರಕ್ಕೆ ಚೆಲ್ಲಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ಬೀದಿನಾಯಿ, ಕರು ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ, ಮೇಲೆ ದೊಡ್ಡದಾಗಿ ಹೆಸರು ಬರೆದು, ಹಳೆ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ.